ಚಿಕ್ಕಪ್ಪನ ಕಾರಿನ ಹಿಂದಿನ ಸೀಟು

ನಮ್ಮ ಚಿಕ್ಕಪ್ಪ ಕಾರು ಕೊಂಡದ್ದು ಎಲ್ಲಿಗಾದರೂ ಹೋಗುವುದಕ್ಕಲ್ಲ, ಸುಮ್ಮನೆ ಒಳಗೆ ಕೂರುವುದಕ್ಕೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮೂರಿನವರೆಲ್ಲ ನಕ್ಕು ಮುಗಿಸಿದ್ದಾರೆ. ಚಿಕ್ಕಮ್ಮ ಮಾತ್ರ ನಗಲಿಲ್ಲ, ಆಕೆಗೆ ನಗುವಷ್ಟು ಪುರುಸೊತ್ತು ಇರಲಿಲ್ಲ, ಆ ಕಾರು ಒರೆಸುವ ಕೆಲಸ ಆಕೆಯ ಪಾಲಿಗೆ ಬಂದಿತ್ತು.

ಪಾಂಡವಪುರದ ಹತ್ತಿರ ನಾಲೆಯ ಪಕ್ಕದ ಊರು ನಮ್ಮದು. ಚಿಕ್ಕಪ್ಪ ನಮ್ಮಪ್ಪನ ಒಬ್ಬನೇ ತಮ್ಮ. ಕಬ್ಬು, ಎಮ್ಮೆ, ಒಂದು ಟ್ರಾಕ್ಟರು, ಇವಿಷ್ಟೇ ಅವನ ಪ್ರಪಂಚ. ನಾನು ಆಗ ಪಾಂಡವಪುರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ, ದಿನಾ ಊರಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೊಂಬತ್ತರ ದಶಕದ ಕೊನೆಕೊನೆಯ ವರ್ಷಗಳು. ಅಲ್ಲಿಯವರೆಗೆ ನಮಗೆ ಕಾರೆಂದರೆ ಮದುವೆಗೆ ಬಾಡಿಗೆಗೆ ಬರುತ್ತಿದ್ದ ಅಂಬಾಸಿಡರು ಮಾತ್ರ. ಆಮೇಲೆ ಮೈಸೂರಿನ ರಸ್ತೆಗಳಲ್ಲಿ ಉದ್ದನೆಯ, ನುಣ್ಣನೆಯ, ಸದ್ದಿಲ್ಲದ ಕಾರುಗಳು ಕಾಣಿಸಿಕೊಳ್ಳತೊಡಗಿದವು. ತೀರಾ ದೊಡ್ಡವಲ್ಲ, ಚಿಕ್ಕವೂ ಅಲ್ಲ. ಡಾಕ್ಟರುಗಳು, ಕಂಟ್ರಾಕ್ಟರುಗಳು ಓಡಾಡುವಂಥವು.

ಚಿಕ್ಕಪ್ಪ ಮೈಸೂರಿಗೆ ಹೋದದ್ದು ಟ್ರಾಕ್ಟರಿನ ಯಾವುದೋ ಬಿಡಿಭಾಗ ತರಲು. ಏಪ್ರಿಲ್ ತಿಂಗಳ ಬಿಸಿಲು. ನಡೆಯುತ್ತಾ ಹೋಗುವಾಗ ಒಂದು ಗಾಜಿನ ಅಂಗಡಿಯ ಬಾಗಿಲು ಯಾರೋ ತೆರೆದರಂತೆ, ಒಳಗಿಂದ ತಣ್ಣನೆಯ ಗಾಳಿ ಬಂದು ಇವನ ಮುಖಕ್ಕೆ ತಾಗಿತಂತೆ. ಇವನು ಆ ಗಾಳಿಯ ಹಿಂದೆಯೇ ಒಳಕ್ಕೆ ಹೋದ. ಅದು ಕಾರಿನ ಶೋರೂಮು. ಟೈ ಕಟ್ಟಿದ ಹುಡುಗ ಇವನ ಪಂಚೆಯನ್ನೂ ಹೆಗಲ ಟವೆಲನ್ನೂ ನೋಡಿ, ಏನು ಬೇಕು ಎಂದು ಕೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಚಿಕ್ಕಪ್ಪ ಒಂದು ಬಿಳಿಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದ. ಕೂತವನು ನಿದ್ದೆ ಹೋದ! ಗೊರಕೆ ಹೊಡೆದ! ಕಾರು ಕೊಳ್ಳುವವರು ಹೀಗೂ ಪರೀಕ್ಷೆ ಮಾಡಬಹುದು ಎಂದುಕೊಂಡನೋ ಏನೋ, ಆ ಹುಡುಗ ಎಬ್ಬಿಸದೆ ಕಾಯ್ದ. ಎದ್ದ ಮೇಲೆ ಚಿಕ್ಕಪ್ಪ ತಣ್ಣನೆಯ ಗಾಳಿಗೆ ಎರಡು ಸಲ ಸೀನಿ, ಬಾಗಿಲನ್ನು ತೆರೆದು ಹಾಕಿ, ತೆರೆದು ಹಾಕಿ, ಕಿವಿ ಹತ್ತಿರ ಹಿಡಿದು ಸದ್ದು ಕೇಳಿದ. ಆಮೇಲೆ ಅದನ್ನೇ ಬುಕ್ ಮಾಡಿ ಬಸ್ಸು ಹತ್ತಿದ.

ಟ್ರಾಕ್ಟರಿನ ಭಾಗ ಎಲ್ಲಿ ಎಂದು ಚಿಕ್ಕಮ್ಮ ಕೇಳಿದಾಗಲೇ ಅವನಿಗೆ ನೆನಪಾದದ್ದು, ಅದನ್ನು ತರಲಿಲ್ಲ ಎಂದು.

ಕಾರು ಮನೆಗೆ ಬಂತು. ಬಂದವರೆಲ್ಲ ಎಂಜಿನ್ ಎಷ್ಟು, ಮೈಲೇಜ್ ಎಷ್ಟು ಎಂದು ಕೇಳಿದರೆ ಚಿಕ್ಕಪ್ಪನಿಗೆ ಒಂದೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ಹಾಗಾದರೆ ಇದರಲ್ಲಿ ಅಂಥದ್ದೇನಿದೆ ಚಿಕ್ಕಪ್ಪ ಎಂದು ನಾನೇ ಒಮ್ಮೆ ಕೇಳಿದೆ. ಅವನು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಬಾಗಿಲು ಹಾಕಿದ. ಹತ್ತಿಯ ದಿಂಬಿನ ಮೇಲೆ ಇನ್ನೊಂದು ಹತ್ತಿಯ ದಿಂಬು ಬಿದ್ದ ಹಾಗೆ, ಅಷ್ಟೇ ಸದ್ದು. ಬೀದಿಯ ಕೋಳಿ, ನಾಯಿ, ಹಿಟ್ಟಿನ ಗಿರಣಿ ಎಲ್ಲವೂ ಒಮ್ಮೆಗೇ ಬಾಯಿ ಮುಚ್ಚಿದವು.

"ಕೇಳ್ತಾ?" ಅಂದ.

"ಏನೂ ಕೇಳಿಸ್ತಿಲ್ಲ ಚಿಕ್ಕಪ್ಪ."

"ಅದೇ ಕಣವ್ವ. ಅದುಕ್ಕೇ ತಕ್ಕಂಡಿದ್ದು."

ಆಮೇಲೆ ಒಂದೊಂದಾಗಿ ತೋರಿಸಿದ. ಗುಂಡಿಗೆ ಬೆರಳು ಮುಟ್ಟಿಸಿದರೆ ಕಿಟಕಿಯ ಗಾಜು ಹೊಸ ಸೊಸೆಯ ಹಾಗೆ ನಾಚಿಕೊಂಡು ಇಳಿಯುವುದು, ಸೀಟಿಗೆ ಒರಗಿದರೆ ಅದು ನಮ್ಮ ಬೆನ್ನನ್ನು ಗುರುತು ಹಿಡಿದವರಂತೆ ಜಾಗ ಕೊಡುವುದು, ಹಳ್ಳಕ್ಕೆ ಇಳಿದರೂ ಹೊಟ್ಟೆಯ ನೀರು ಅಲ್ಲಾಡದಿರುವುದು. ನಾನು ಒಪ್ಪಿಕೊಂಡೆ. ನಮ್ಮ ಬಸ್ಸಿನಲ್ಲಿ ಮನೆಯಿಂದ ಸ್ಕೂಲಿಗೆ ಹೋಗುವಷ್ಟರಲ್ಲಿ ಹೊಟ್ಟೆಯ ನೀರಿರಲಿ, ತಿಂದ ಇಡ್ಲಿಯೂ ಮತ್ತೆ ಹಿಟ್ಟಾಗಿರುತ್ತಿತ್ತು.

ಓಡಿಸುವುದರ ಕತೆಯೇ ಬೇರೆ. ಲೈಸೆನ್ಸು ಏನೋ ಇತ್ತು, ಆದರೆ ಕೈಕಾಲಿಗೆ ಗೊತ್ತಿದ್ದದ್ದು ಟ್ರಾಕ್ಟರು ಒಂದೇ. ಹಾಗಾಗಿ ಅವನು ಕಾರನ್ನು ಟ್ರಾಕ್ಟರಿನ ವೇಗದಲ್ಲೇ ಓಡಿಸುತ್ತಿದ್ದ. ಸಾಲದ್ದಕ್ಕೆ ನಿಮಿಷಕ್ಕೊಮ್ಮೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಹಿಂದೆ ಟ್ರೇಲರು ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದ. ಮೇಲುಕೋಟೆಯ ಬೆಟ್ಟ ಹತ್ತುವಾಗ, ಕಾಲ್ನಡಿಗೆಯಲ್ಲಿ ಹರಕೆ ತೀರಿಸಲು ಹೊರಟಿದ್ದ ಒಬ್ಬಳು ಮುದುಕಿ ನಮ್ಮನ್ನು ದಾಟಿ ಮುಂದೆ ಹೋದಳು. ಹೋಗುವಾಗ ಗಾಡಿ ಕೆಟ್ಟಿದೆಯೇನಪ್ಪ ಎಂದು ಕನಿಕರದಿಂದ ವಿಚಾರಿಸಿದಳು.

ಚಪ್ಪಲಿ ಹಾಕಿಕೊಂಡು ಕಾರಿನೊಳಗೆ ಕಾಲಿಡುವ ಹಾಗಿರಲಿಲ್ಲ. ಮೊದಲ ಸಲ ನಮ್ಮ ಹೆಂಗಸರನ್ನೆಲ್ಲ ಶ್ರೀರಂಗಪಟ್ಟಣಕ್ಕೆ ಹೊಳೆಸ್ನಾನಕ್ಕೆ ಕರೆದುಕೊಂಡು ಹೋದಾಗ ಎಲ್ಲರೂ ಭಕ್ತಿಯಿಂದ ಚಪ್ಪಲಿ ಬಿಟ್ಟು ಹತ್ತಿದರು. ಇಳಿದ ಮೇಲೆ ಗೊತ್ತಾಯಿತು, ಚಪ್ಪಲಿಗಳು ಊರಿನ ಅಂಗಳದಲ್ಲೇ ಸಾಲಾಗಿ ನಿಂತಿವೆ ಎಂದು! ಕಾದ ಕಲ್ಲಿನ ಮೇಲೆ ಚಿಕ್ಕಮ್ಮ ಕುಣಿದ ಕುಣಿತವನ್ನು ದೇವರೂ ನೋಡಿರಬೇಕು.

ಬಿಂಡಿಗನವಿಲೆಗೆ ಹೋಗಿ ಟಗರು ತಂದದ್ದು ಇನ್ನೊಂದು. ಟಗರು ತರಲು ಟ್ರಾಕ್ಟರು ತೆಗೆದುಕೊಂಡು ಹೋಗು ಎಂದು ಚಿಕ್ಕಮ್ಮ ಹೇಳಿದರೂ ಕೇಳದೆ ಕಾರಿನಲ್ಲೇ ಹೋದ. ಬರುವಾಗ ಹಿಂದಿನ ಸೀಟಿಗೆ ಗೋಣಿಚೀಲ ಹಾಸಿ ಟಗರನ್ನು ಕೂರಿಸಿ, ಪಾಪ ಸೆಕೆಯಾಗುತ್ತದೆ ಎಂದು ಏಸಿ ಹಾಕಿದನಂತೆ. ನಾಗಮಂಗಲದ ಬಸ್ ಸ್ಟ್ಯಾಂಡಿನ ಮುಂದೆ ಜನ ಎದ್ದು ನಿಂತು ನೋಡಿದರಂತೆ, ಯಾರೋ ಉಣ್ಣೆಯ ಶಾಲು ಹೊದ್ದ ದೊಡ್ಡ ಮನುಷ್ಯರು ಹೋಗುತ್ತಿದ್ದಾರೆ ಎಂದು. ಊರಿಗೆ ಬಂದ ಟಗರು ಇಳಿಯಲು ಒಪ್ಪಲಿಲ್ಲ. ಎಳೆದು ಇಳಿಸಿ ಕೊಟ್ಟಿಗೆಯಲ್ಲಿ ಕಟ್ಟಿದರೆ ಹಗ್ಗ ಹರಿದುಕೊಂಡು ಬಂದು ಕಾರಿನ ಬಾಗಿಲಿಗೆ ಹಣೆ ಒತ್ತಿ ನಿಲ್ಲುತ್ತಿತ್ತು. ಅದರಲ್ಲಿ ಆ ಪ್ರಾಣಿಯ ತಪ್ಪೇನಿದೆ ಹೇಳಿ? ಚಿಕ್ಕಪ್ಪನೂ ಮಧ್ಯಾಹ್ನ ಉಂಡು, ಒಂದು ಚಿಟಿಕೆ ನಸ್ಯ ಏರಿಸಿ, ಅಲ್ಲೇ ಮಲಗುತ್ತಿದ್ದನಲ್ಲ!

ಕಾರಿನ ನಿಜವಾದ ಉಪಯೋಗ ಗೊತ್ತಾದದ್ದು ನಮ್ಮೂರಿನ ಅಕ್ಕಪಕ್ಕದ ಗದ್ದೆಯವರಿಬ್ಬರು ನಾಲೆಯ ನೀರಿಗಾಗಿ ಜಗಳವಾಡಿ, ಪಾಂಡವಪುರದ ಕಚೇರಿಗೆ ದೂರು ಕೊಡಲು ಹೊರಟಾಗ. ಇಬ್ಬರೂ ಹೋಗುವುದು ಅಲ್ಲಿಗೇ ತಾನೆ, ನಾನೇ ಬಿಡುತ್ತೇನೆ ಬನ್ನಿ ಎಂದು ಚಿಕ್ಕಪ್ಪ ಇಬ್ಬರನ್ನೂ ಹಿಂದಿನ ಸೀಟಿಗೆ ಹತ್ತಿಸಿದ. ಹಿಂದಿನ ಬಾಗಿಲಿನ ಅಂಚಿನಲ್ಲಿ ಒಂದು ಚಿಕ್ಕ ಕೊಂಡಿ ಇರುತ್ತದೆ. ಅದನ್ನು ಸರಿಸಿದರೆ ಒಳಗಿರುವ ಮಕ್ಕಳು ಬಾಗಿಲು ತೆರೆಯಲಾರರು. ಮಕ್ಕಳಿಗೆ ಆಗುವುದು ದೊಡ್ಡವರಿಗೂ ಆಗುತ್ತದೆಯೇ ಎಂದು ಚಿಕ್ಕಪ್ಪ ಶೋರೂಮಿನಲ್ಲೇ ಕೇಳಿ ತಿಳಿದುಕೊಂಡಿದ್ದ. ಆ ಕೊಂಡಿ ಸರಿಸಿದ, ಗಾಜು ಏರಿಸಿದ, ಏಸಿ ಹಾಕಿದ, ತನ್ನದೇ ವೇಗದಲ್ಲಿ ಹೊರಟ. ಪಾಂಡವಪುರ ಬಂತು, ನಿಲ್ಲಿಸಲಿಲ್ಲ. ಶ್ರೀರಂಗಪಟ್ಟಣ ಬಂತು, ನಿಲ್ಲಿಸಲಿಲ್ಲ. ಹಿಂದೆ ಕೂತವರು ಮೊದಲು ಕೂಗಾಡಿದರು, ಆಮೇಲೆ ಅವನನ್ನು ಬೈದರು, ಅವನನ್ನು ಬೈಯುವಾಗ ಒಬ್ಬರ ಮಾತಿಗೆ ಒಬ್ಬರು ಸೇರಿಕೊಂಡು ಒಂದಾದರು. ಸಂಜೆಯೊಳಗೆ ನೀರಿನ ಸರದಿ ಮಾತಾಡಿಕೊಂಡು, ಮದ್ದೂರು ವಡೆ ತಿಂದು, ಮೂವರೂ ಊರಿಗೆ ವಾಪಸು ಬಂದರು.

ಸುದ್ದಿ ಹರಡಿತು. ಗಂಡ ಹೆಂಡತಿ, ಬೀಗರು ಬೀಗರು, ಅತ್ತೆ ಸೊಸೆ ಎಲ್ಲರೂ ಆ ಹಿಂದಿನ ಸೀಟಿನಲ್ಲಿ ಕೂತೆದ್ದರು. ಕೂತು ಜಗಳವಾಡುವುದಕ್ಕೆ ಅದು ಬಹಳ ಮೆತ್ತಗಿತ್ತು ಎಂದು ಚಿಕ್ಕಪ್ಪನ ವಾದ. ಗಟ್ಟಿ ಬೆಂಚಿನ ಮೇಲೆ ಕೂತವನಿಗೆ ಬೇಗ ಸಿಟ್ಟು ಬರುತ್ತದೆ, ಬೆನ್ನಿಗೆ ಸುಖವಾದರೆ ನಾಲಿಗೆಯೂ ಮೆತ್ತಗಾಗುತ್ತದೆ ಎನ್ನುತ್ತಿದ್ದ.

ಹೀಗಿರುವಾಗ ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಿಂದ ಒಬ್ಬಳು ಅಜ್ಜಿ ಮಗನ ಜೊತೆ ಬಂದಳು. ಮಗನಿಗೂ ಅಳಿಯನಿಗೂ ಮಾತು ನಿಂತಿತ್ತಂತೆ. ಅಜ್ಜಿ ಕಾರನ್ನು ಸುತ್ತಿ ನೋಡಿ, ಸೀಟು ಒತ್ತಿ ನೋಡಿ, ಚಿಕ್ಕಪ್ಪನನ್ನು ಒಂದೇ ಒಂದು ಮಾತು ಕೇಳಿದಳು.

"ನಿಮ್ಮಣ್ಣನ್ನ ಇದ್ರಲ್ಲಿ ಕೂರುಸ್ಕಂಡಿದ್ದೀಯಾ ಮಗ?"

ಚಿಕ್ಕಪ್ಪ ಹಿಂದಿನ ಬಾಗಿಲು ಹಾಕಿ, ಟವೆಲಿನಿಂದ ಗಾಜು ಒರೆಸತೊಡಗಿದ.

ಅದನ್ನು ನಾನು ನಿಮಗೆ ಹೇಳಬೇಕು. ನಮ್ಮಪ್ಪನೂ ಚಿಕ್ಕಪ್ಪನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಮನೆ ಪಾಲಾದಾಗ ಆದದ್ದು, ಆ ಸುದ್ದಿ ಅಜ್ಜಿಯ ಊರಿನವರೆಗೂ ಹೋಗಿತ್ತು. ಕಾರಣ ಕೇಳಿದರೆ ಅಪ್ಪ ತೋಟದ ಬಾವಿ ಎನ್ನುತ್ತಿದ್ದರು, ಚಿಕ್ಕಪ್ಪ ಕಣದ ಬೇಲಿ ಎನ್ನುತ್ತಿದ್ದ. ಒಂದೇ ಜಗಳಕ್ಕೆ ಇಬ್ಬರ ಹತ್ತಿರವೂ ಬೇರೆ ಬೇರೆ ಕಾರಣ! ಎದುರು ಮನೆ, ಎದುರು ಜಗುಲಿ. ಹೇಳಲೇಬೇಕಾದ ಮಾತಿದ್ದರೆ ಒಬ್ಬರಿಗೊಬ್ಬರು ಕೇಳುವಷ್ಟು ಹತ್ತಿರವೇ ನಿಂತು, ನನ್ನ ಮುಖ ನೋಡಿಕೊಂಡು ಹೇಳುತ್ತಿದ್ದರು. ಕಾರು ಬಂದ ದಿನವೂ ಅಪ್ಪ ಜಗುಲಿ ಬಿಟ್ಟು ಇಳಿಯಲಿಲ್ಲ. ಪೂಜೆಯ ಪ್ರಸಾದ ಕಳಿಸಿದರೆ ತೆಗೆದುಕೊಂಡರು, ಕಾರಿನ ಕಡೆ ತಿರುಗಲಿಲ್ಲ.

ಅಜ್ಜಿ ಹೋದ ಮೇಲೆ ಚಿಕ್ಕಪ್ಪ ಯಾರನ್ನೂ ಹಿಂದಿನ ಸೀಟಿಗೆ ಹತ್ತಿಸಲಿಲ್ಲ. ಕಾರಿಗೆ ಬಟ್ಟೆ ಹೊದಿಸಿಬಿಟ್ಟ. ಮಧ್ಯಾಹ್ನದ ನಿದ್ದೆಯೂ ಮನೆಯೊಳಗಿನ ಚಾಪೆಗೆ ಬಂತು. ಚಿಕ್ಕಮ್ಮ ನನ್ನ ಹತ್ತಿರ ಬಂದು, ನಿಮ್ಮ ಚಿಕ್ಕಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಕಣ್ಣು ಒರೆಸಿಕೊಂಡರು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ನು ಆಯಿತು, ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲೂ ಪೊರೆ ಬಂದು ಎದುರಿಗಿದ್ದವರು ಬರೀ ಮಬ್ಬು. ತಲೆ ಕುಲುಕಬಾರದು, ಧೂಳು ತಾಗಬಾರದು, ಸಿಟ್ಟು ಮಾಡಿಕೊಂಡು ಕೂಗಾಡಬಾರದು ಎಂದು ಡಾಕ್ಟರು ಹೇಳಿದ್ದರು. ಬಸ್ಸಿನ ಮಾತೇ ಇಲ್ಲ. ನಾನು ಪಾಂಡವಪುರದ ಬಾಡಿಗೆ ಕಾರಿಗೆ ಹೇಳಿದ್ದೆ, ಚಿಕ್ಕಮ್ಮನ ಕಿವಿಗೂ ಹಾಕಿದ್ದೆ.

ಅಪ್ಪನ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲಿಳಿದರೆ ಎದುರಿಗೆ ಬಿಳಿಯ ಕಾರು! ಬಾಡಿಗೆ ಕಾರಿನವನನ್ನು ಚಿಕ್ಕಪ್ಪ ಆಗಲೇ ವಾಪಸು ಕಳಿಸಿದ್ದ. ಎಲ್ಲಿಂದಲೋ ಒಂದು ಖಾಕಿ ಅಂಗಿ ಸಂಪಾದಿಸಿ ತೊಟ್ಟುಕೊಂಡು, ತಲೆಗೆ ಟವೆಲು ಸುತ್ತಿಕೊಂಡು, ಸ್ಟೇರಿಂಗಿನ ಹಿಂದೆ ಡ್ರೈವರಿನ ಹಾಗೆ ನೆಟ್ಟಗೆ ಕೂತಿದ್ದ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು ಕೈಮುಗಿದ. ದಾರಿಯಲ್ಲಿ ಅಪ್ಪನಿಗೆ ಗೊತ್ತಾಗಿ, ಇಳಿಯುತ್ತೇನೆ ಎಂದು ರಂಪ ಮಾಡಿದರೆ ಆ ಕಣ್ಣಿನ ಗತಿ ಏನು? ಆದರೂ ಹಿಂದಿನ ಬಾಗಿಲು ತೆರೆದಿತ್ತು. ಅಪ್ಪ ತಡವರಿಸಿ ಹತ್ತಿ ಕೂತರು.

ಸದಾ ವಟಗುಟ್ಟುವ ಚಿಕ್ಕಪ್ಪ ತುಟಿ ಬಿಚ್ಚದೆ ಓಡಿಸಿದ. ಗುಂಡಿ ಕಂಡಲ್ಲೆಲ್ಲ ಕಾರನ್ನು ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿ ಏರಿಸುತ್ತಿದ್ದ. ಅಪ್ಪ ಸೀಟನ್ನು ಅಂಗೈಯಿಂದ ಸವರಿ ನೋಡಿದರು, ತಲೆ ಒರಗಿಸಿದರು. ಯಾರ ಕಾರು ಎಂದು ಕೇಳಿದರು, ಬಾಡಿಗೆಯದು ಎಂದೆ. ಚೆನ್ನಾಗಿದೆ ಎಂದರು. ಶ್ರೀರಂಗಪಟ್ಟಣದಲ್ಲಿ ಸೇತುವೆ ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಹೊಳೆ ಯಾವಾಗ ಬರುತ್ತದೆ ಎಂದು ಕೇಳಿದರು. ಡ್ರೈವರು ಮಾತೇ ಆಡುವುದಿಲ್ಲವಲ್ಲ, ಮೂಗನೇ ಎಂದೂ ಕೇಳಿದರು. ಚಿಕ್ಕಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ತುಟಿ ಕಚ್ಚಿಕೊಂಡ.

ಪಾಂಡವಪುರ ದಾಟಿ ನಾಲೆಯ ಏರಿಗೆ ತಿರುಗಿದ ಮೇಲೆ ಅವನಿಗೆ ಸೀನು ಬಂತು. ತಡೆದ. ಮತ್ತೆ ಬಂತು. ಮೂರನೆಯದನ್ನು ತಡೆಯಲಾಗಲಿಲ್ಲ. ಊರು ಹಾರಿಹೋಗುವ ಹಾಗೆ ಸೀನಿದ.

ಆಮೇಲೆ ಅಪ್ಪ ಒರಗಿದಲ್ಲಿಂದಲೇ ಹೇಳಿದರು.

"ಆ ತಣ್ಣನ್ ಗಾಳಿ ನಿಲ್ಸ್ಲಾ. ಚಿಕ್ಕೋನಾಗಿದ್ದಾಗಿಂದ್ಲೂ ಒಗ್ಗಾಕಿಲ್ಲ ನಿಂಗೆ."

ಕಾರು ನಿಂತಿತು. ಚಿಕ್ಕಪ್ಪ ಏಸಿ ಆರಿಸಿ ಗಾಜು ಇಳಿಸಿದ. ಆಲೆಮನೆಯ ಬೆಲ್ಲದ ವಾಸನೆ ಒಳಗೆ ಬಂತು. ಅವನು ಹಿಂದಕ್ಕೆ ತಿರುಗಲಿಲ್ಲ, ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ.

"ಯಾವಾಗ ಗೊತ್ತಾಯ್ತಣ್ಣ?"

"ಕಾರ್ ಅತ್ತುವಾಗ್ಲೇ ಗೊತ್ತಾಯ್ತು. ಕಣ್ಗೆ ಪಟ್ಟಿ ಕಟ್ಟವ್ರೆ, ಮೂಗಿಗಲ್ಲ. ನಿನ್ ನಸ್ಯದ ವಾಸ್ನೆ ನಂಗ್ ಗೊತ್ತಾಗಾಕಿಲ್ವಾ?"

"ಮತ್ತೆ ಅತ್ತುದ್ಯಲ್ಲ?"

"ನೀನ್ ಬಾಗ್ಲು ತೆಗ್ದಿದ್ದೆ, ಅತ್ಕಂಡೆ."

ಚಿಕ್ಕಪ್ಪ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ಕಾರು ಹೊರಟಿತು, ನಮ್ಮ ಮನೆಯ ಮುಂದೆಯೇ ನಿಂತಿತು. ಅಮ್ಮ ಹೊಸ್ತಿಲಲ್ಲಿ ನಿಂತು, ಇಬ್ಬರೂ ಒಂದೇ ಕಾರಿನಿಂದ ಇಳಿಯುವುದನ್ನು ನೋಡಿ, ಏನೂ ಕೇಳದೆ ಎರಡು ಚಾಪೆ ಹಾಸಿದರು.

ಕಣ್ಣಿಗೆ ಔಷಧಿ ಬಿಡಬೇಕಾದ ಹೊತ್ತಾಗಿತ್ತು. ನಾನು ಬಾಟಲಿ ತೆಗೆದುಕೊಂಡು ಬಂದರೆ ಚಿಕ್ಕಪ್ಪ ಅದನ್ನು ನನ್ನ ಕೈಯಿಂದ ಇಸಿದುಕೊಂಡ. ಕೈ ತೊಳೆದು ಬಂದು ಅಪ್ಪನ ಎದುರು ಮಂಡಿಯೂರಿ ಕೂತ. ಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಗದ್ದ ಹಿಡಿದು, ಅಣ್ಣನ ಮುಖವನ್ನು ಬೆಳಕಿಗೆ ತಿರುಗಿಸಿದ. ಆ ಮುಖವನ್ನು ಅಷ್ಟು ಹತ್ತಿರದಿಂದ ಅವನು ನೋಡಿ ಎಷ್ಟು ಕಾಲವಾಗಿತ್ತೋ.

"ಕಣ್ ಬುಡಣ್ಣ," ಅಂದ.

"ಬುಡ್ತೀನಿ. ನೀನ್ ಮೊದ್ಲು ಕೈ ನಡುಗ್ಸದ್ ನಿಲ್ಸ್ಲಾ," ಅಂದರು ಅಪ್ಪ.