ಮೆಕ್ಯಾನಿಕ್ಕಿಗೊಂದು ಪರೀಕ್ಷೆ

ಎಲ್ಲದಕ್ಕೂ ಮೂಲ ಒಂದು ವೈಪರು. ಹೋದ ಮಳೆಗಾಲದಲ್ಲಿ ಗುಬ್ಬಿಯ ಪುಟ್ಟರಂಗಯ್ಯನವರು ತಮ್ಮ ಹಳೇ ಕಾರಿನ ವೈಪರು ಆಡುತ್ತಿಲ್ಲವೆಂದು ಯಾವುದೋ ಗ್ಯಾರೇಜಿಗೆ ಬಿಟ್ಟಿದ್ದರು. ವಾಪಸು ತರಲು ಹೋದಾಗ ಸೈಲೆನ್ಸರ್ ಹೊಸದು, ಬ್ಯಾಟರಿ ಹೊಸದು, ಕೇಳದಿದ್ದರೂ ಸೀಟಿನ ಕವರೂ ಹೊಸದು. ವೈಪರು ಮಾತ್ರ ಹಾಗೇ ಇತ್ತು. ಬಿಲ್ಲು ಕಟ್ಟಿ, ಮಳೆಯಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ ಟವೆಲಿನಲ್ಲಿ ಗಾಜು ಒರೆಸಿಕೊಳ್ಳುತ್ತಾ ಊರಿಗೆ ಬಂದರು. ಅಂದಿನಿಂದ ಮೆಕ್ಯಾನಿಕ್ ಎಂಬ ಮಾತು ಕೇಳಿದರೆ ಅವರಿಗೆ ಮೈಯೆಲ್ಲ ಉರಿ.

ಪಂಚಾಯ್ತಿ ಆಫೀಸಿನ ಗುಮಾಸ್ತರಿಗೆ ಕಾರು ಯಾಕೆ ಎಂದು ನೀವು ಕೇಳಬಹುದು. ಊರೇ ಕೇಳಿತ್ತು. ಎಂಬತ್ತೊಂದನೇ ಇಸವಿಯಲ್ಲಿ ಗುಬ್ಬಿಯಲ್ಲಿ ಕಾರಿದ್ದವರು ಬೆರಳೆಣಿಕೆಯ ಮಂದಿ. ಪುಟ್ಟರಂಗಯ್ಯನವರ ಒಬ್ಬಳೇ ಮಗಳು ಮಂಜುಳಳಿಗೆ ಬಸ್ಸು ಹತ್ತಿದರೆ ಸಾಕು, ವಾಂತಿ. ಅವಳನ್ನು ಕುಣಿಗಲ್ಲಿಗೆ ಕೊಟ್ಟ ವರ್ಷವೇ ಪಾಲಿಗೆ ಬಂದ ತೆಂಗಿನ ತೋಟ ಮಾರಿ ಸೆಕೆಂಡ್ ಹ್ಯಾಂಡ್ ಕಾರು ತಂದರು. ಮಗಳು ತವರಿಗೆ ಬರುವಾಗ ಸುಖವಾಗಿ ಬರಲಿ ಅಂತ, ಅಷ್ಟೇ.

ಈಗ ಮಂಜುಳ ಚೊಚ್ಚಲ ಬಸುರಿ. ಬಾಣಂತನಕ್ಕೆ ಕರೆತರುವ ದಿನ ಇವತ್ತು. ನಾಳೆ ಎಂಟನೇ ತಿಂಗಳಿಗೆ ಬೀಳುತ್ತದೆ, ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವ ಪದ್ಧತಿ ಇಲ್ಲ. ಒಂಬತ್ತಕ್ಕೆ ಬಿದ್ದಮೇಲೆ ಆ ರಸ್ತೆಯ ಗುಂಡಿಗಳಲ್ಲಿ ಯಾರೂ ಕಳಿಸುವುದಿಲ್ಲ. ಇವತ್ತು ಹೊತ್ತು ಮುಳುಗುವುದರೊಳಗೆ ಕುಣಿಗಲ್ ಬಿಡಬೇಕು, ಇಲ್ಲದಿದ್ದರೆ ಹೆರಿಗೆ ಗಂಡನ ಮನೆಯಲ್ಲೇ.

ಪುಟ್ಟರಂಗಯ್ಯನವರ ಹೆಂಡತಿ ವನಜಮ್ಮ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿ, ಸಾಂಬ್ರಾಣಿ ತರಿಸಿ, ಹಳೇ ಸೀರೆಗಳನ್ನೆಲ್ಲ ಒಗೆದು ಮಡಿಸಿಟ್ಟಿದ್ದರು. ಬೆಳಿಗ್ಗೆ ಕಾಫಿ ಕೊಡುತ್ತಲೇ ಅಪ್ಪಣೆಯಾಯಿತು.

"ನೋಡಿ, ಮೆಕ್ಯಾನಿಕ್ಕಿಗೆ ಒಂದ್ಸಲ ತೋರಿಸ್ದೆ ನನ್ನ ಮಗಳನ್ನ ಆ ಡಬ್ಬಾದಾಗೆ ಕೂರಿಸ್ಕೂಡ್ದು."

"ಯಾರಿಗೇ ತೋರ್ಸೋದು? ಎಲ್ರೂ ಕಳ್ರು ಕಣೇ!"

ಈ ಮಾತು ಗೋಡೆಯಾಚೆ ಬೇವಿನ ಕಡ್ಡಿ ಜಗಿಯುತ್ತಿದ್ದ ಆಂಜನಪ್ಪನಿಗೆ ಕೇಳಿಸಿತು. ಆಂಜನಪ್ಪ ರಿಟೈರಾದ ಬಸ್ ಕಂಡಕ್ಟರು, ಪಕ್ಕದ ಮನೆಯವನು. ಕರೆಯದಿದ್ದರೂ ಬರುವುದು ಅವನ ಅಭ್ಯಾಸ.

"ಪುಟ್ಟರಂಗಯ್ಯನೋರೇ, ನಿಯತ್ತಿನೋನು ಯಾರು ಅಂತ ಕಂಡ್ಹಿಡಿಯೋಕೆ ಒಂದು ದಾರಿ ಐತೆ. ನೀವೇ ಒಂದು ಪ್ಲಗ್ಗಿನ ವೈರು ಕಿತ್ತುಬುಡಿ. ಗಾಡಿ ಕುಂಟುತ್ತೆ. ತಗೊಂಡೋಗಿ ಏನಾಗೈತೆ ನೋಡಪ್ಪಾ ಅನ್ನಿ. ವೈರು ಬಿಟ್ಟೈತೆ ಅಂದ್ರೆ ಸಾಚಾ. ಇನ್ನೇನಾದ್ರೂ ಅಂದ್ರೆ ಕಳ್ಳ."

ಎದುರು ಮನೆಯ ಹೊನ್ನಯ್ಯ ಮೇಷ್ಟ್ರೂ ಅಷ್ಟರಲ್ಲಿ ಬಂದು ನಿಂತಿದ್ದರು. "ಐಡಿಯಾ ಚೆನ್ನಾಗಿದೆ" ಎಂದು ತಲೆದೂಗಿದರು. ಪುಟ್ಟರಂಗಯ್ಯನವರಿಗಂತೂ ಆಂಜನಪ್ಪನ ಕಾಲು ಮುಟ್ಟಬೇಕೆನಿಸಿತು. ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಒಂದು ವೈರು ಕಿತ್ತೇಬಿಟ್ಟರು. ಪಂಚೆ ಬದಲಿಸಲು ಒಳಗೆ ಹೋದರು.

ಆಂಜನಪ್ಪ ಅತ್ತಿತ್ತ ನೋಡಿದ. ಈ ಮನುಷ್ಯ ವೈರು ಸರಿಯಾಗಿ ಕಿತ್ತನೋ ಇಲ್ಲವೋ, ಯಾವುದಕ್ಕೂ ಇರಲಿ ಅಂತ ಹಾರ್ನಿನ ವೈರು ಕಿತ್ತು, ಏನೂ ಗೊತ್ತಿಲ್ಲದವನ ಹಾಗೆ ಬಾಯಿ ಮುಕ್ಕಳಿಸಲು ಹೋದ. ಹೊನ್ನಯ್ಯ ಮೇಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಒಂದೇ ಪ್ರಶ್ನೆಗೆ ಪರೀಕ್ಷೆ ಅಂತಾರೆಯೇ? ಮನೆಯಿಂದ ಸ್ಪ್ಯಾನರ್ ತಂದು ಫ್ಯಾನ್ ಬೆಲ್ಟ್ ಸಡಿಲ ಮಾಡಿ, ಸ್ಪ್ಯಾನರ್ ಜೇಬಿಗಿಳಿಸಿದರು. ಇಬ್ಬರೂ ಯಾರಿಗೂ ಬಾಯಿ ಬಿಡಲಿಲ್ಲ. ಪರೀಕ್ಷೆಗೆ ಮುಂಚೆ ಪ್ರಶ್ನೆ ಪತ್ರಿಕೆ ಹೊರಗೆ ಬಿಡುವವರು ಯಾರು?

ಪರೀಕ್ಷೆಯ ಮಜಾ ನೋಡಲು ಇಬ್ಬರೂ ಕಾರು ಹತ್ತಿದರು. ಬೇಡ ಅನ್ನಲು ಪುಟ್ಟರಂಗಯ್ಯನವರಿಗೆ ಬಾಯಿ ಬರಲಿಲ್ಲ. ಕಾರು ಮೂರು ಕಾಲಿನ ನಾಯಿಯ ಹಾಗೆ ಕುಂಟುತ್ತಾ ತುಮಕೂರಿನ ದಾರಿ ಹಿಡಿಯಿತು. ಅವರು ಓಡಿಸುವ ವೇಗಕ್ಕೆ ಹಾರ್ನಿನ ಅಗತ್ಯವೇ ಬೀಳಲಿಲ್ಲ, ಹಿಂದಿದ್ದ ಸೈಕಲ್ಲಿನವರೇ ಬೆಲ್ಲು ಹೊಡೆದು ದಾರಿ ಕೇಳುತ್ತಿದ್ದರು.

ತುಮಕೂರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗಂಗಹನುಮಯ್ಯನ ಗ್ಯಾರೇಜು. "ಕುಣಿಗಲ್ಲಿಗೆ ಹೋಗ್ಬೇಕು, ಏನಾಗೈತೆ ನೋಡಪ್ಪಾ" ಎಂದರು ಪುಟ್ಟರಂಗಯ್ಯನವರು. ಗಂಗಹನುಮಯ್ಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೀಡಿ ಕಚ್ಚಿಕೊಂಡೇ ಬಾನೆಟ್ ಎತ್ತಿ ಬಗ್ಗಿದ, ಒಂದು ಗಳಿಗೆ ನೋಡಿದ, ಎದ್ದ.

"ಪ್ಲಗ್ಗಿನ ವೈರು ಬಿಟ್ಟೈತೆ."

ಪುಟ್ಟರಂಗಯ್ಯನವರ ಮುಖ ಅರಳಿತು. ಸಿಕ್ಕಿದ! ಕೊನೆಗೂ ಸಿಕ್ಕಿದ! ಅವನ ಎರಡೂ ಕೈ ಹಿಡಿದುಕೊಳ್ಳೋಣವೆಂದು ಮುಂದೆ ಬಂದರು.

"ಹಾರ್ನಿನ ವೈರೂ ಬಿಟ್ಟೈತೆ. ಫ್ಯಾನ್ ಬೆಲ್ಟ್ ಲೂಸಾಗೈತೆ, ಹಿಂಗೇ ಹೋದ್ರೆ ಇಂಜಿನ್ ಕಾದು ಹೆಬ್ಬೂರು ದಾಟಲ್ಲ."

ಮುಂದೆ ಬಂದ ಕೈ ಅಲ್ಲೇ ನಿಂತಿತು. ಪುಟ್ಟರಂಗಯ್ಯನವರಿಗೆ ಗೊತ್ತಿದ್ದದ್ದು ಒಂದು, ಇವನು ಹೇಳಿದ್ದು ಮೂರು.

"ಹಾರ್ನಿಗೇನಾಗೈತೆ? ನಿನ್ನೆ ಚೆನ್ನಾಗೇ ಕೂಗ್ತಿತ್ತು!" ಎಂದು ಹೋಗಿ ಒತ್ತಿದರು. ಕಾರು ತುಟಿ ಬಿಚ್ಚಲಿಲ್ಲ. "ಈಗ ಬಗ್ಗಿದ್ಯಲ್ಲ, ನೀನೇ ಕಿತ್ತಿದ್ದೀಯ!"

ಹಾರ್ನಿನ ಮಾತು ನಿಜವೆಂದು ಆಂಜನಪ್ಪನಿಗೆ ಗೊತ್ತಿತ್ತು. ಆದರೆ ಬೆಲ್ಟು? ಅದು ಶುದ್ಧ ಸುಳ್ಳು. "ಬೆಲ್ಟಿನ ಕತೆ ಕಟ್ತಾ ಇದೀಯೇನ್ಲಾ?" ಎಂದು ಗದರಿದ. ಹೊನ್ನಯ್ಯ ಮೇಷ್ಟ್ರಿಗೆ ಬೆಲ್ಟು ನಿಜವೆಂದು ಗೊತ್ತು, ಹಾರ್ನು ಮಾತ್ರ ಇವನದೇ ಕೈವಾಡ ಎಂದುಕೊಂಡರು. "ಮೂರರಲ್ಲಿ ಒಂದು ಸುಳ್ಳು ಸೇರಿಸಿದರೂ ಫೇಲೇ" ಎಂದರು. ಮೂವರೂ ತಮ್ಮ ತಮ್ಮ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಒಬ್ಬನನ್ನೇ ಬಯ್ದರು. ಬೀದಿಯ ಜನ ಸೇರಿತು.

"ದುಡ್ಡು ಕೇಳಿದ್ನಾ ನಾನು? ಕೇಳಿದ್ನಾ?" ಗಂಗಹನುಮಯ್ಯ ಬೀಡಿ ಎಸೆದ. "ಇರೋದು ಹೇಳಿದ್ರೆ ಕಳ್ಳ ಅಂತೀರಾ? ತಗೊಂಡೋಗ್ರಿ ನಿಮ್ಮ ಗಾಡಿನ! ಬೆಳಗಾಗೆದ್ದು ಯಾರ ಮುಖ ನೋಡಿದ್ನೋ!"

ಪುಟ್ಟರಂಗಯ್ಯನವರು ಪ್ಲಗ್ಗಿನ ವೈರನ್ನು ತಾವೇ ಸಿಕ್ಕಿಸಿಕೊಂಡು, ಬಾನೆಟ್ ದಬ್ಬೆಂದು ಮುಚ್ಚಿ ಹೊರಟರು. ಇಂಜಿನ್ನು ನೆಟ್ಟಗಾಯಿತು. "ನೋಡಿದ್ರಾ? ಇಷ್ಟೇ ಇದ್ದದ್ದು" ಎಂದು ಮೀಸೆ ತಿರುವಿದರು.

ಹೆಬ್ಬೂರಿನ ಹತ್ತಿರ ಕುರಿಮಂದೆ ಅಡ್ಡ ಬಂತು. ಹಾರ್ನು ಒತ್ತಿದರೆ ಸದ್ದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೋಯ್, ಹೋಯ್" ಎಂದು ಕೂಗುತ್ತಿರುವಾಗಲೇ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಕಾರು ಕುರಿಗಳ ನಡುವೆ ನಿಂತುಬಿಟ್ಟಿತು.

"ಅಯ್ಯೋ, ಅವನೇ ಏನೋ ಮಾಡಿದ್ದಾನೆ! ನನ್ನ ಮಗಳು ಕಾಯ್ತಾ ಕೂತಿರ್ತಾಳೆ ಕಣ್ರೋ!" ಪುಟ್ಟರಂಗಯ್ಯನವರು ತಲೆಯ ಮೇಲೆ ಕೈಹೊತ್ತು ರಸ್ತೆಯ ಬದಿಯಲ್ಲಿ ಕುಳಿತರು. ಅವರ ಕಣ್ಣಲ್ಲಿ ನೀರು ಬಂದಿದ್ದು ನೋಡಿ ಹೊನ್ನಯ್ಯ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಜೇಬಿನಿಂದ ಸ್ಪ್ಯಾನರ್ ತೆಗೆದರು.

"ಬೆಲ್ಟು... ನಾನೇ ಸಡಿಲ ಮಾಡಿದ್ದು, ಪುಟ್ಟರಂಗಯ್ಯನೋರೇ. ಪರೀಕ್ಷೆ ಸ್ವಲ್ಪ ಕಷ್ಟ ಇರ್ಲಿ ಅಂತ."

ಆಂಜನಪ್ಪ ನೆಲ ನೋಡಿದ. "ಹಾರ್ನು ನಂದು."

ಪುಟ್ಟರಂಗಯ್ಯನವರು ಸ್ಪ್ಯಾನರನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು.

"ಹಂಗಾದ್ರೆ ಆ ಮನುಷ್ಯ ಹೇಳಿದ್ದೆಲ್ಲಾ ನಿಜ" ಎಂದರು ಪುಟ್ಟರಂಗಯ್ಯನವರು. "ನಡುಬೀದೀಲಿ ನಿಲ್ಸಿ ಕಳ್ಳ ಅಂದ್ಬಿಟ್ವಲ್ಲಪ್ಪಾ! ಅವನೂ ಹೆಂಡ್ತಿ ಮಕ್ಕಳಿರೋನು." ಎದ್ದು ನಿಂತು, ಗುಬ್ಬಿಯ ದೇವಸ್ಥಾನದ ದಿಕ್ಕಿಗೆ ಕೈಮುಗಿದರು. "ಚೆನ್ನಬಸವೇಶ್ವರನ ಆಣೆಗೂ ಹೇಳ್ತೀನಿ, ಇವತ್ತಿನಿಂದ ಯಾವ ಮೆಕ್ಯಾನಿಕ್ ಏನು ಹೇಳಿದ್ರೂ ಅನುಮಾನ ಪಡಲ್ಲ."

ಮೇಷ್ಟ್ರು ಬೆಲ್ಟ್ ಬಿಗಿದರು, ಆಂಜನಪ್ಪ ಹಾರ್ನಿನ ವೈರು ಸಿಕ್ಕಿಸಿ, ಕೊಡ ಬೇಡಿ ತಂದು ನೀರು ಹೊಯ್ದ. ಇಂಜಿನ್ನು ಆರಿದ ಮೇಲೆ ಪುಟ್ಟರಂಗಯ್ಯನವರು ಇಬ್ಬರನ್ನೂ ಹೆಬ್ಬೂರಿನ ಬಸ್‌ಸ್ಟಾಪಿನಲ್ಲಿ ಇಳಿಸಿ, "ಬಸ್ಸಿಗೆ ಹೋಗಿ" ಎಂದಷ್ಟೇ ಹೇಳಿ ಒಬ್ಬರೇ ಮುಂದೆ ಹೊರಟರು.

ಕುಣಿಗಲ್ಲಿನಲ್ಲಿ ಮಂಜುಳ ಬಾಗಿಲಲ್ಲೇ ನಿಂತಿದ್ದಳು. ತುಂಬಿದ ಹೊಟ್ಟೆ, ಮುಡಿ ತುಂಬ ಮಲ್ಲಿಗೆ. "ಅಪ್ಪಾ, ಎಷ್ಟೊತ್ತು!" ಎಂದು ಬಂದು ತೋಳು ಹಿಡಿದುಕೊಂಡಳು. ಅವಳ ಅತ್ತೆ ಚಿಕ್ಕಗಂಗಮ್ಮ ಒಬ್ಬಟ್ಟಿನ ಅಡಿಗೆ ಮಾಡಿದ್ದರು. ಗಂಡ ತೀರಿಹೋದ ಮೇಲೆ ಮೂರು ಗಂಡುಮಕ್ಕಳನ್ನು ಸಾಕಿದ ಹೆಂಗಸು. ಹೆಣ್ಣುಮಗುವಿಗಾಗಿ ಹರಕೆ ಹೊತ್ತು ಹೊತ್ತು ಸೋತವರಿಗೆ ಸೊಸೆಯಾಗಿ ಮಂಜುಳ ಬಂದಿದ್ದಳು. ಅವಳ ತಲೆ ಬಾಚುವುದು, ಕಾಲಿಗೆ ಎಣ್ಣೆ ತಿಕ್ಕುವುದು ಎಲ್ಲ ಅತ್ತೆಯೇ. ಬಡಿಸುವಾಗ ಚಿಕ್ಕಗಂಗಮ್ಮನ ಕಣ್ಣು ಕೆಂಪಗಿತ್ತು.

"ಮನೆಯೆಲ್ಲಾ ಬಿಕೋ ಅನ್ನುತ್ತೆ ಬೀಗ್ರೆ" ಎಂದರು. "ಇನ್ನೊಂದು ಒಬ್ಬಟ್ಟು ಹಾಕಿಸ್ಕಳಿ. ಅವಸ್ರ ಏನೈತೆ?"

ಅವಸರವಿಲ್ಲದೆ ಉಂಡು, ಎಲೆಅಡಿಕೆ ಹಾಕಿಕೊಂಡು, ಮಗಳಿಗೆ ಮಡಿಲು ತುಂಬಿಸಿ, ಕಾರಿನಲ್ಲಿ ಕೂರಿಸಿದ್ದಾಯಿತು. ಪುಟ್ಟರಂಗಯ್ಯನವರು ಕೀಲಿ ತಿರುಗಿಸಿದರು. ಕರ್ ಕರ್ ಎಂದಿತು. ಮತ್ತೆ ತಿರುಗಿಸಿದರು. ಕರ್ ಕರ್. ಬಾನೆಟ್ ಎತ್ತಿ ನೋಡಿದರೆ ಪ್ಲಗ್ಗಿನ ವೈರುಗಳೆಲ್ಲ ಸರಿಯಾಗೇ ಇದ್ದವು.

ಯಾರೂ ಕರೆಯದೆ ಮೆಕ್ಯಾನಿಕ್ ಬಂದ. ಕದರಯ್ಯ, ಚಿಕ್ಕಗಂಗಮ್ಮನ ಖಾಸಾ ತಮ್ಮ. ಇಂಜಿನ್ನಿನ ಮೇಲೆ ಕಿವಿಯಿಟ್ಟು ಕೇಳಿ, ನಿಟ್ಟುಸಿರು ಬಿಟ್ಟ.

"ಇಂಜಿನ್ ಇಳಿಸ್ಬೇಕು ಬೀಗ್ರೆ. ಎರಡು ತಿಂಗಳ ಕೆಲ್ಸ."

ನಿನ್ನೆಯ ಪುಟ್ಟರಂಗಯ್ಯನವರಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದರು. ಇಂದಿನವರು ಕೈಮುಗಿದರು. "ನಿಮ್ಮ ಮಾತು ನಂಬ್ತೀನಪ್ಪಾ. ನೀವು ಹೇಳಿದ್ಮೇಲೆ ಮುಗೀತು. ಬಾಡಿಗೆ ಟ್ಯಾಕ್ಸಿ ಯಾವುದಾದ್ರೂ...?"

"ಊರಿಗಿರೋದು ಒಂದೇ. ಧರ್ಮಸ್ಥಳಕ್ಕೆ ಹೋಗೈತೆ. ರಿಪೇರಿಗೆ ನಂಗೊಂದು ಪೈಸೆ ಬ್ಯಾಡ. ನಮ್ಮನೆ ಹುಡುಗಿ ಅಲ್ವಾ?"

ಒಂದು ಪೈಸೆಯೂ ಬೇಡವಂತೆ! ಹೊತ್ತು ಮುಳುಗುತ್ತಿತ್ತು. ಮಗಳ ತಲೆ ಸವರಿ, "ನಿಮ್ಮಮ್ಮನಿಗೆ ಏನು ಹೇಳ್ಲವ್ವಾ?" ಎಂದಷ್ಟೇ ಕೇಳಿದರು. ಮಂಜುಳ ಅತ್ತಳು, ಅವರೂ ಅತ್ತರು, ಇಬ್ಬರಿಗಿಂತ ಜೋರಾಗಿ ಚಿಕ್ಕಗಂಗಮ್ಮ ಅತ್ತರು. ಪುಟ್ಟರಂಗಯ್ಯನವರು ಬಸ್ಸು ಹತ್ತಿದರು.

ಬಸ್ಸು ಮರೆಯಾದ ಮೇಲೆ ಕದರಯ್ಯ ಜೇಬಿನಿಂದ ಹೆಬ್ಬೆರಳು ಗಾತ್ರದ ರೋಟರ್ ತೆಗೆದ. ಬೀಗರು ಒಬ್ಬಟ್ಟು ತಿನ್ನುತ್ತಿದ್ದಾಗ ಇಂಜಿನ್ನಿನಿಂದ ಬಿಚ್ಚಿಕೊಂಡಿದ್ದು. ಅದಿಲ್ಲದೆ ಯಾವ ಕಾರೂ ಸ್ಟಾರ್ಟ್ ಆಗದು.

"ಅಕ್ಕಾ, ಪಾಪದ ಮನುಷ್ಯ ಕಣೇ. ಒಂದು ಮಾತೂ ಎದುರಾಡ್ಲಿಲ್ಲ. ಸುಳ್ಳು ಹೇಳೋಕೇ ನಾಚ್ಕೆ ಆಯ್ತು."

"ನಂಗೂ ಅಯ್ಯೋ ಅನ್ನಿಸ್ತದೆ ಕಣ್ಲಾ. ಏನ್ಮಾಡ್ಲಿ, ಕಳ್ಸೋಕೆ ಮನಸ್ಸು ಬರ್ಲಿಲ್ಲ" ಎಂದು ಚಿಕ್ಕಗಂಗಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಹಿಂದೆ ಬಾಗಿಲಲ್ಲಿ ಮಂಜುಳ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಯ್ಯುತ್ತಾಳೇನೋ ಎಂದು ಅತ್ತೆ ಹೆದರಿದರು. ಮಂಜುಳ ಬಂದು ಅವರ ಸೆರಗು ಹಿಡಿದುಕೊಂಡು, "ಅತ್ತೆಮ್ಮ, ನಂಗೆ ಅಮ್ಮ ಬೇಕು" ಎಂದಳು, ಚಿಕ್ಕ ಮಗುವಿನ ಹಾಗೆ.

"ಅಷ್ಟೇ ತಾನೇ ನನ್ನವ್ವಾ? ಕದ್ರ, ಬೆಳಿಗ್ಗೆ ಆ ರೋಟ್ರು ಹಾಕು. ಅದೇ ಕಾರಲ್ಲಿ ಹೋಗಿ ಬೀಗಿತೀನ ಕರ್ಕೊಂಡ್ ಬಾ."

ಮಾರನೆಯ ಬೆಳಿಗ್ಗೆ ಪುಟ್ಟರಂಗಯ್ಯನವರ ಕಾರು ತಾನಾಗಿಯೇ ಅವರ ಮನೆ ಮುಂದೆ ಬಂದು ನಿಂತು, ಗಟ್ಟಿಯಾಗಿ ಹಾರ್ನು ಹೊಡೆಯಿತು. ಸ್ಟೀರಿಂಗ್ ಹಿಡಿದಿದ್ದ ಕದರಯ್ಯ, ಮಂಜುಳ ಅಮ್ಮ ಬೇಕು ಅಂತಿದ್ದಾಳೆ ಎಂದ. ವನಜಮ್ಮ ಕೇಳಿದ್ದೇ ತಡ, ಸಾಂಬ್ರಾಣಿ, ಹಳೇ ಸೀರೆ, ಬಾಣಂತಿಯ ಔಷಧಿ ಎಲ್ಲ ಡಿಕ್ಕಿಗೆ ತುಂಬಿ ಹಿಂದಿನ ಸೀಟಿನಲ್ಲಿ ಕೂತರು.

"ನಾನ್ ಬರೋದು ಐದು ತಿಂಗಳಾಗುತ್ತೆ. ಕಾರೂ ಅಲ್ಲೇ ಇರ್ಲಿ, ಡಾಕ್ಟ್ರ ಹತ್ರ ಹೋಗೋಕೆ ಬೇಕು. ರಾಗಿಹಿಟ್ಟು ದೊಡ್ಡ ಡಬ್ಬೀಲಿದೆ, ಬೇಯಿಸ್ಕೊಳ್ಳಿ."

ಕಾರು ಹೊಗೆ ಬಿಡದೆ, ಕುಂಟದೆ, ಕುದುರೆಯ ಹಾಗೆ ಓಡಿತು. ಆಂಜನಪ್ಪನೂ ಹೊನ್ನಯ್ಯ ಮೇಷ್ಟ್ರೂ ಬೀದಿಗೆ ಬಂದು ಬಾಯಿ ಬಿಟ್ಟುಕೊಂಡು ನೋಡಿದರು. ಪುಟ್ಟರಂಗಯ್ಯನವರು ಒಬ್ಬರೇ ಗೇಟು ಹಿಡಿದು ನಿಂತಿದ್ದರು. ಅವರ ಕಣ್ಣು ತುಂಬಿ ಬಂದಿತ್ತು.

"ನೋಡಿದ್ರೇನ್ರಯ್ಯಾ? ಎರಡು ತಿಂಗಳ ಕೆಲಸ, ಒಂದೇ ರಾತ್ರೀಲಿ ಮುಗಿಸವ್ನೆ. ಅದೂ ಒಂದು ಪೈಸೆ ಮುಟ್ಟದೆ. ಕೊನೆಗೂ ಒಬ್ಬ ನಿಯತ್ತಿನ ಮೆಕ್ಯಾನಿಕ್ ಸಿಕ್ಕಿದ!"