ಮೇಷ್ಟ್ರು ಕಂಪ್ಯೂಟರಿನ ನಾಡಿ ನೋಡಿದ್ದು

ರಿಪೇರಿಯವನನ್ನು ಕರೆಸುವ ಮಾತು ಹೆಂಡತಿಯ ಬಾಯಿಂದ ಬಂದದ್ದೇ ತಡ, ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಗಂಡ ಮನೆಯಲ್ಲಿ ಕಂಬದ ಹಾಗೆ ನಿಂತಿರುವಾಗ ಹೊರಗಿನವನೇಕೆ? ಹಿತ್ತಲ ಗಿಡ ಮದ್ದಲ್ಲ ಎಂಬುದು ಇದಕ್ಕೇ! (ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಗೀಚಿದ ಹುಡುಗರ ಕೈಗೆ ಪುಸ್ತಕ ಕೊಟ್ಟು ಗೋಡೆ ಬದಿಗೆ ನಿಲ್ಲಿಸುತ್ತಿದ್ದ ಮೇಷ್ಟ್ರು ಇವರು.) ಅದೂ ಅಲ್ಲದೆ, ಕಂಪ್ಯೂಟರ್ ರಿಪೇರಿಯ ಇಟ್ಟಿಗೆಗಾತ್ರದ ಉದ್ಗ್ರಂಥವೊಂದನ್ನು ನಿನ್ನೆ ಸಂಜೆ ತಾನೇ ತಂದು ಮೇಜಿನ ಮೇಲೆ ಪ್ರತಿಷ್ಠಾಪಿಸಿದ್ದರು. ಅದರ ಮೊದಲ ಅಧ್ಯಾಯದ ಹೆಸರು 'ಬಿಚ್ಚುವ ಮುನ್ನ'. ದಡ್ಡರಿಗೆ ಬರೆದದ್ದೆಂದು ಅದನ್ನು ಹಾರಿಸಿಬಿಟ್ಟಿದ್ದರು.

ಕಾಯಿಲೆ ಇಷ್ಟೇ. ಇವತ್ತು ಬೆಳಗಿನಿಂದ ಗುಂಡಿ ಒತ್ತಿದರೆ ಕಂಪ್ಯೂಟರ್ ಶುರುವಾಗದು. ಹೊಟ್ಟೆಯೊಳಗಿಂದ 'ಕುಂಯ್, ಕುಂಯ್, ಕುಂಯ್' ಎಂದು ಒಂದೇ ಸಮನೆ ಕೂಗು.

ಹೆಂಡತಿ ಒಂದು ಮುದ್ರಣಾಲಯಕ್ಕೆ ಮನೆಯಿಂದಲೇ ಕರಡು ತಿದ್ದಿಕೊಡುವವಳು. ತಿಂಗಳಿಡೀ ಕಣ್ಣು ಬಿಟ್ಟುಕೊಂಡು ತಿದ್ದಿದ ಮುನ್ನೂರು ಪುಟ ಆ ಪೆಟ್ಟಿಗೆಯೊಳಗೇ ಇತ್ತು. ಇವತ್ತು ಸಂಜೆ ನಾಲ್ಕರೊಳಗೆ ಬರದಿದ್ದರೆ ಮುಂದಿನ ಕೆಲಸವೆಲ್ಲ ಬೇರೆಯವರ ಪಾಲು ಎಂದು ಮುದ್ರಕರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ರೀ, ಹನ್ನೊಂದಾಯ್ತು. ಫೋನ್ ಮಾಡ್ಲಾ?"

"ಆ ಕೂಗೇ ಅದರ ಭಾಷೆ ಕಣೇ! ಎಲ್ಲಿ ನೋವು ಅಂತ ಅದೇ ಹೇಳ್ತಿದೆ. ಕೇಳೋಕೆ ವಿದ್ಯೆ ಬೇಕು."

ಮೇಷ್ಟ್ರು ಸ್ವಿಚ್ ಆರಿಸಿ, ಗ್ರಂಥವನ್ನೆತ್ತಿ ಕೂಗುಗಳ ಪಟ್ಟಿ ನೋಡಿದರು. ಮೆಮೊರಿ ದೋಷ! ಪೆಟ್ಟಿಗೆ ಬಿಚ್ಚಿದರು, ಮೆಮೊರಿ ಪಟ್ಟಿಯನ್ನು ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಕೂಗುಗಳ ಪುಟ ಕಣ್ಣೆದುರಿಗೇ ಇರಲೆಂದು ಗ್ರಂಥವನ್ನು ಬಿಡಿಸಿಟ್ಟು ಗುಂಡಿ ಒತ್ತಿದರು.

ಕುಂಯ್, ಕುಂಯ್, ಕುಂಯ್.

"ದಿನಾ ಒದ್ದೆ ಬಟ್ಟೇಲಿ ಒರೆಸ್ತೀಯಲ್ಲ, ಅದಕ್ಕೇ ಹೀಗಾಗಿದ್ದು!"

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಂಡತಿ.

ಆಮೇಲೆ ಫ್ಯಾನು ಕಿತ್ತು ಹಾಕಿದ್ದಾಯಿತು. ವೈರುಗಳನ್ನೆಲ್ಲ ಬಿಚ್ಚಿ ಜೋಡಿಸಿದ್ದೂ ಆಯಿತು. ಪ್ರತಿ ಸಲವೂ ಗ್ರಂಥವನ್ನೆತ್ತಿ ಓದುವುದು, ಇಡುವುದು, ಗುಂಡಿ ಒತ್ತುವುದು, ಬೈಸಿಕೊಂಡವರ ಹಾಗೆ ಮುಖ ಮಾಡುವುದು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಅಂದರು, "ಅಳಿಯಂದ್ರೇ, ಎಲ್ಲೋ ಒತ್ತುತ್ತಿರಬೇಕು. ಬಟ್ಟೆ ಬಿಗಿಯಾದ್ರೆ ಕೂಸೂ ಹೀಗೇ ಕಿರುಚುತ್ತೆ."

"ಅತ್ತೇ, ಇದು ಯಂತ್ರ! ತೊಟ್ಟಿಲಲ್ಲ!" ಮೇಷ್ಟ್ರು ಸ್ಕ್ರೂಡ್ರೈವರ್ ಝಳಪಿಸಿದರು. ಸ್ವಂತ ಮನೆಯಲ್ಲಿ ವಿದ್ಯೆಗೆ ಇಷ್ಟೇನಾ ಬೆಲೆ?

ಮೂರೂವರೆ ಆಯಿತು. ಹೆಂಡತಿ ಕಣ್ಣೊರೆಸಿಕೊಂಡು ರಿಪೇರಿಯವನಿಗೆ ಫೋನ್ ಮಾಡಿಯೇ ಬಿಟ್ಟಳು. ಅವನ ಮಾತು ಕೋಣೆಗೆಲ್ಲ ಕೇಳಿಸಿತು. "ಕೀಬೋರ್ಡ್ ಮೇಲೆ ಏನಾದ್ರೂ ಇದೆಯಾ ಮೇಡಂ? ಕೀ ಒತ್ತಿಕೊಂಡಿದ್ರೂ ಹೀಗೇ ಕೂಗುತ್ತೆ."

ಮೇಷ್ಟ್ರು ಫೋನ್ ಕಸಿದರು. "ಏನಯ್ಯಾ, ಈ ಮನೇಲಿ ಓದಿದವರಿದ್ದಾರೆ, ತಿಳ್ಕೋ!" ಎಂದು ಕಟ್ ಮಾಡಿದರು.

ತಿರುಗಿ ನೋಡಿದರೆ ಹೆಂಡತಿ ಕೀಬೋರ್ಡನ್ನೇ ದಿಟ್ಟಿಸುತ್ತಿದ್ದಾಳೆ. ಉದ್ಗ್ರಂಥದ ಅರ್ಧ ಮೈ ಅದರ ಮೇಲೇ ಹಾಯಾಗಿ ಮಲಗಿತ್ತು. ನಿನ್ನೆ ಸಂಜೆಯಿಂದ ಅದರ ಜಾಗ ಅದೇ.

ಅವಳು ಪುಸ್ತಕ ಎತ್ತಿಕೊಂಡು ಗುಂಡಿ ಒತ್ತಿದಳು. ಒಂದೇ ಒಂದು 'ಕುಂಯ್'. ಪರದೆ ಬೆಳಗಿತು.

ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಹೆಂಡತಿ ಪುಸ್ತಕದ ಪುಟಗಳನ್ನು ಹಿಂದಕ್ಕೆ ಮಗುಚಿದಳು; ಕರಡು ತಿದ್ದುವವಳ ಕಣ್ಣು ಮೊದಲ ಅಧ್ಯಾಯದ ಮೊದಲ ಸಾಲಿಗೇ ಹೋಯಿತು. ಗಟ್ಟಿಯಾಗಿ ಓದಿದಳು: "'ಕೀಬೋರ್ಡಿನ ಮೇಲೆ ಯಾವ ವಸ್ತುವೂ ಇಲ್ಲವೆಂದು ಮೊದಲು ನೋಡಿಕೊಳ್ಳಿ.'"

ಪುಸ್ತಕವನ್ನು ಗಂಡನ ಕೈಗಿತ್ತಳು. "ನಾನು ಕಳಿಸೋವರೆಗೂ ಇದನ್ನ ಎಲ್ಲೂ ಇಡ್ಬೇಡಿ. ಅಲ್ಲಿ, ಗೋಡೆ ಹತ್ರ ನಿಂತ್ಕೊಳ್ಳಿ."

ಮೇಷ್ಟ್ರು ನಿಂತರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಮುನ್ನೂರು ಪುಟ ಹೊರಟಿತು.

"ಕಳಿಸಿದೆ," ಎಂದು ಅವಳು ಉಸಿರುಬಿಟ್ಟಳು.

"ಹಾಗಾದ್ರೆ ಇದನ್ನ ಇಡ್ಲಾ?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ಮೊದಲನೇ ಅಧ್ಯಾಯ ಪೂರ್ತಿ ಓದಿ ಮುಗಿಸಿ, ಆಮೇಲೆ," ಎಂದಳು.