ನೀರುಗಂಟಿಯ ತೂಬು

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಕನಕರಾಜು ಮಾತಿನ ಮಧ್ಯೆ ಮೇಲಿಂದ ಮೇಲೆ ಎದ್ದು ಹಿತ್ತಲಿಗೆ ಹೋಗಿದ್ದೇ ಎಲ್ಲಕ್ಕೂ ಮೂಲ. ಹೆಣ್ಣಿನ ಅಪ್ಪನಿಗೆ ಸಂಬಂಧ ಹಿಡಿಸಲಿಲ್ಲವೇನೋ ಎಂದು ಅವರು ಮುಖ ಗಂಟಿಕ್ಕಿದ್ದರು. ನಾಳೆ ಬೆಳಿಗ್ಗೆ ವೀಳ್ಯಶಾಸ್ತ್ರ. ತಾಂಬೂಲದ ತಟ್ಟೆ ಕೈ ಬದಲಾಗುವವರೆಗೂ ಅಪ್ಪನಾದವನು ಮಣೆ ಬಿಟ್ಟು ಏಳುವಂತಿಲ್ಲ.

"ಇವತ್ತೇ ಮಂಡ್ಯಕ್ಕೋಗಿ ಮಾತ್ರೆ ತಕಬನ್ನಿ. ನಾಳೆ ನೀವೆದ್ರೆ ಈ ಸಂಬಂಧ ಮುರುದಂಗೇಯ" ಎಂದು ಹೆಂಡತಿ ಶೋಭಾರಾಣಿ ಹೇಳಿಬಿಟ್ಟಳು.

ಮಳವಳ್ಳಿ ಕಡೆಯ ತನ್ನೂರಿನ ಗದ್ದೆಗಳಿಗೆಲ್ಲ ನಾಲೆ ನೀರು ಬಿಡುವ, ಕಟ್ಟುವ ನೀರುಗಂಟಿ ಕನಕರಾಜು. ಊರಿನ ತೂಬುಗಳೆಲ್ಲ ಅವನ ಮಾತು ಕೇಳುತ್ತಿದ್ದವು. ಪಾಪ, ತನ್ನದು ಮಾತ್ರ ಕೇಳುತ್ತಿರಲಿಲ್ಲ.

ಮಂಡ್ಯದ ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಮೂತ್ರಕೋಶ ತುಂಬುತ್ತಿದ್ದಂತೆ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಬೆನ್ನುಹುರಿ ಬಿಟ್ಟುಬಿಡಲು ಆತುರಪಡುತ್ತದೆ. ಮೇಲೆ ಕೂತ ಮಿದುಳು ತಾಳು ಎನ್ನುತ್ತದೆ. ಆ ಆಜ್ಞೆ ಎಲ್ಲಿ ತಪ್ಪುತ್ತಿದೆ ಎಂದು ನೋಡಬೇಕು. ನೀರು ಕುಡಿದು ತುಂಬಿದಾಗ ಒಂದು ಸ್ಕ್ಯಾನು, ಹೋಗಿ ಬಂದ ಮೇಲೆ ಇನ್ನೊಂದು. ಮಾತ್ರೆ ಆಮೇಲೆ.

ಜೊತೆಗೆ ಬಂದಿದ್ದ ಪಕ್ಕದ ಮನೆಯ ಚೌಡಯ್ಯನಿಗೆ ಉಪಕಾರ ಮಾಡುವ ಚಪಲ. ನೀರಿನ ಮೇಲೆ ಎಳನೀರು, ಎಳನೀರಿನ ಮೇಲೆ ಕಬ್ಬಿನ ಹಾಲು ಕುಡಿಸಿದ. ಅಷ್ಟರಲ್ಲಿ ಕರೆಂಟು ಹೋಯಿತು. ಕನಕರಾಜು ಕಾಲ ಮೇಲೆ ಕಾಲು ಹಾಕಿದ, ತೆಗೆದ, ಎದ್ದ, ಕೂತ, ಕಂಡ ದೇವರಿಗೆಲ್ಲ ಹರಕೆ ಹೊತ್ತ. ಕರೆಂಟು ಬಂದು ಮೊದಲ ಸ್ಕ್ಯಾನು ಮುಗಿದಾಗ ಅವನು ಓಡಿದ ರಭಸಕ್ಕೆ ಸಾಲಿನಲ್ಲಿದ್ದವರೆಲ್ಲ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

ಬೆನ್ನಿಗೇ ಚೌಡಯ್ಯನೂ ಹೋಗಿ ಶೌಚಾಲಯದ ಬಾಗಿಲಿಗೆ ಕಿವಿಗೊಟ್ಟ. "ಬತ್ತಾ ಅದೇನ್ಲಾ ಕನಕ? ಸದ್ದೇ ಇಲ್ವಲ್ಲ."

ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ನಲ್ಲಿ ತಿರುಗಿಸಿಕೊಳ್ಳಲು ಹೇಳಿದಳು. ಇನ್ಯಾರೋ ಮಗುವಿಗೆ ಮಾಡಿಸುವ ಹಾಗೆ ಉಸ್ ಉಸ್ ಎಂದರು. ಒಳಗೆ ಕನಕರಾಜು ಬೆವರಿದ. ಇಷ್ಟು ಹೊತ್ತು ನಿಲ್ಲೆಂದು ಬೇಡಿಕೊಂಡದ್ದು ಈಗ ಬಾ ಎಂದರೆ ಒಂದು ಹನಿಯೂ ಬರಲೊಲ್ಲದು.

ಎರಡನೇ ಸ್ಕ್ಯಾನು ನೋಡಿ ಡಾಕ್ಟರು ಗಂಭೀರರಾದರು. "ಎಲ್ಲ ಹಾಗೇ ಇದೆಯಲ್ರೀ. ತಡೆಯೋದಲ್ಲ, ಬಿಡೋದೇ ನಿಮಗೆ ತೊಂದರೆ. ಮಲಗಿ, ಟ್ಯೂಬ್ ಹಾಕೋಣ."

ನರ್ಸು ಕವರು ಹರಿದು ಉದ್ದನೆಯ ಟ್ಯೂಬು ಹೊರತೆಗೆದಳು. ಅದು ಎಲ್ಲಿಗೆ ಹೋಗಬೇಕೆಂದು ಹೊಳೆದದ್ದೇ ತಡ, ತೂಬು ತಾನಾಗಿ ಕಿತ್ತುಕೊಂಡಿತು. ಪಂಚೆ, ಹಾಸಿಗೆ, ಡಾಕ್ಟರ ಬೂಟು, ಯಾವುದೂ ಉಳಿಯಲಿಲ್ಲ.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. ತೊಂದರೆ ತಡೆಯುವುದರಲ್ಲೋ ಬಿಡುವುದರಲ್ಲೋ ತಿಳಿಯದೆ ಮಾತ್ರೆ ಕೊಡುವಂತಿಲ್ಲ ಎಂದರು.

ಚೌಡಯ್ಯನ ಟವಲು ಸುತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಶೋಭಾರಾಣಿಯ ಫೋನು ಬಂತು.

"ಆಯ್ತಾ?"

"ಆಯ್ತು."

"ಮಾತ್ರೆ ಕೊಟ್ರಾ?"

ಕನಕರಾಜು ಒದ್ದೆ ಪಂಚೆಯ ಗಂಟನ್ನು ಕೈ ಬದಲಾಯಿಸಿದ. "ನಾಳೆ ಬೆಳಿಗ್ಗೆ ಒಟ್ಟೆ ತುಂಬ ನೀರು ಕುಡ್ಕಂಡು ಬಾ ಅಂದವ್ರೆ."